ಇಪ್ಪತ್ತಾರನೇ ನಂಬರಿನ ತಟ್ಟೆ

ನಮ್ಮ ಭಾವನಿಗೆ ಹೆಸರಿಲ್ಲ! ಗಾಬರಿಯಾಗಬೇಡಿ, ನಾಮಕರಣ ಸಾಂಗವಾಗಿಯೇ ಆಗಿದೆ, ರೇಷನ್ ಕಾರ್ಡಿನಲ್ಲೂ ಒಂದು ಹೆಸರುಂಟು. ಆದರೆ ಫೋನ್ ಎತ್ತಿದರೆ ಅವರು ಹೇಳುವುದು ಮಾತ್ರ, "ಹಲೋ, ಹನ್ನೊಂದು ಮಾತಾಡುದು."

ಆ ಆದಿತ್ಯವಾರ ಬೆಳಗ್ಗೆಯೂ ಹಾಗೆಯೇ ಆಯಿತು. ನಾನು ನೀರುದೋಸೆಯ ಹಿಟ್ಟಿಗೆ ಉಪ್ಪು ಹಾಕಿ, ಕಾವಲಿಗೆ ಎಣ್ಣೆ ಸವರಿ, ಒಂದು ಕಣ್ಣನ್ನು ಹಾಲಿನ ಮೇಲೆ ಇಟ್ಟಿದ್ದೆ. ಯಜಮಾನರು ಪೇಪರಿನ ಹಿಂದೆ ಮರೆಯಾಗಿದ್ದರು. ಮಹಡಿಯಿಂದ ಭಾವನ ದನಿ ಇಳಿದು ಬಂತು: "ಹಲೋ, ಹನ್ನೊಂದು. ಯಾರು, ಏಳಾ? ಬೆನ್ನುನೋವು ಕಡಿಮೆ ಉಂಟಾ?" ಪುತ್ತೂರಿನ ನಮ್ಮ ಮನೆಗೆ ಇದೇ ಸುಪ್ರಭಾತ. ಅಂಥ ಮಾಮೂಲಿ ಬೆಳಗ್ಗೆಯೇ ನಾನು ಆ ಅನಾಹುತ ಮಾಡಿದ್ದು!

ಅನಾಹುತಕ್ಕೆ ಮೊದಲು ಸ್ವಲ್ಪ ಇತಿಹಾಸ. ಭಾವ ಎಂದರೆ ನನ್ನ ಯಜಮಾನರ ಅಣ್ಣ. ಮದುವೆಯಾಗಿಲ್ಲ, ವಾಸ ನಮ್ಮ ಮಹಡಿಯ ಕೋಣೆಯಲ್ಲಿ. ಕಾಲೇಜು ಓದುವಾಗ ಅವರು ಹಾಸ್ಟೆಲಿನಲ್ಲಿದ್ದರು. ಅಲ್ಲಿ ಪ್ರತಿಯೊಬ್ಬನಿಗೂ ಒಂದು ಸ್ಟೀಲಿನ ತಟ್ಟೆ. ತಟ್ಟೆಯ ಅಂಚಿನಲ್ಲಿ ಮೊಳೆಯಿಂದ ಚುಚ್ಚಿ ಚುಚ್ಚಿ, ಚುಕ್ಕಿಗಳಲ್ಲಿ ಬರೆದ ನಂಬರು. ಒಮ್ಮೆ ಅಡುಗೆಭಟ್ಟರು ವಾರ್ಡನ್‌ರೊಡನೆ ಜಗಳವಾಡಿ ಊರಿಗೆ ಹೋದರಂತೆ. ಹುಡುಗರೇ ಒಲೆ ಹಚ್ಚಿದರು. ಅಕ್ಕಿ ಎಷ್ಟು ಹಾಕಬೇಕು? ಯಾರಿಗೆ ಗೊತ್ತು! ನಲವತ್ತು ಜನಕ್ಕೆಂದು ಇಟ್ಟ ಗಂಜಿ ನಾನೂರು ಜನಕ್ಕಾಯಿತು. ಚೆಲ್ಲಲು ಮನಸ್ಸು ಬಾರದೆ ಬಕೆಟುಗಳಲ್ಲಿ ತುಂಬಿ ಆಸ್ಪತ್ರೆಗೆ ಹೊತ್ತು, ರೋಗಿಗಳ ಜೊತೆ ಬಂದವರಿಗೆ ಬಡಿಸಿದರು. ಮರುದಿನ ಅಲ್ಲಿಯವರು, "ಇವತ್ತು ಗಂಜಿ ಇಲ್ವಾ?" ಎಂದರಂತೆ. ಅಲ್ಲಿಗೆ 'ತಟ್ಟೆ ಬಳಗ' ಹುಟ್ಟಿತು. ಸಮಾಜಸೇವೆಯ ಮೂಲ ಕರುಣೆ ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಅಲ್ಲವೇ ಅಲ್ಲ, ಅಕ್ಕಿಯ ಅಳತೆ ಗೊತ್ತಿಲ್ಲದಿರುವುದು!

ಕಾಲೇಜು ಮುಗಿದು, ತಲೆ ಬೋಳಾಗಿ, ಮೊಮ್ಮಕ್ಕಳಾದರೂ ಬಳಗ ಕರಗಲಿಲ್ಲ, ನಂಬರುಗಳು ಅಳಿಯಲಿಲ್ಲ. ನನ್ನ ಮಗಳ ಮದುವೆಯಲ್ಲಿ ಭಾವ ಬೀಗರಿಗೆ ಸ್ನೇಹಿತರ ಪರಿಚಯ ಮಾಡಿಸಿದ್ದು ಹೀಗೆ: "ಇವರು ಏಳು. ಇವರು ಮೂವತ್ತನಾಲ್ಕು. ಇವರು ಹತ್ತೊಂಬತ್ತರ ಹೆಂಡತಿ." ಬೀಗರ ಕಡೆಯ ಹಿರಿಯರೊಬ್ಬರು ನನ್ನನ್ನು ಕಂಬದ ಮರೆಗೆ ಕರೆದು ಮೆಲ್ಲನೆ ಕೇಳಿದರು, "ಇವರೆಲ್ಲ ಯಾವ ಜೈಲಿನಲ್ಲಿ ಒಟ್ಟಿಗೆ ಇದ್ದದ್ದು ತಾಯಿ?"

ಬಳಗಕ್ಕೆ ನಿಯಮಗಳುಂಟು. ತಟ್ಟೆ ಕಳಕೊಂಡವನು ಬಳಗದಿಂದ ಹೊರಗೆ. ಉಣ್ಣುವವನ ಎದುರಿನಿಂದ ತಟ್ಟೆ ಎಳೆಯಬಾರದು. ಮಾಡಿದ ಸೇವೆಯನ್ನು ಮನೆಯಲ್ಲಿ ಹೇಳಬಾರದು. ಈ ಕೊನೆಯದು ಮಾತ್ರ ನಡೆಯುವುದಿಲ್ಲ, ಹೆಂಡತಿಯರು ಎಂದರೆ ಸುಮ್ಮನೆಯೇ? ಮಂಡೆಕೋಲಿನ ಶಾಲೆಗೆ ಬಣ್ಣ ಬಳಿಯಲು ಹೋಗಿ, ಪಕ್ಕದ ಮನೆಯ ಗೋಡೆಗೆ ಎರಡು ದಿನ ಬಳಿದ ಕಥೆ ನನಗೆ ಗೊತ್ತಾದದ್ದು ಮೂವತ್ತನಾಲ್ಕರ ಹೆಂಡತಿಯಿಂದ. ಆ ಮನೆಯ ಯಜಮಾನ ಜಗಲಿಯಲ್ಲಿ ಕೂತು ನೋಡುತ್ತಲೇ ಇದ್ದನಂತೆ, ಚಹಾವನ್ನೂ ಕೊಟ್ಟನಂತೆ. ಎರಡನೇ ಕೋಟ್ ಮುಗಿದ ಮೇಲೆ ಎದ್ದು, "ಶಾಲೆ ಆಚೆ ಮಾರಾಯ್ರೆ" ಎಂದನಂತೆ!

ಭಾವನಿಗೆ ಹೆಂಡತಿಯಿಲ್ಲ. ಹಾಗಾಗಿ ಅವರ ಆದಿತ್ಯವಾರ ಮಾತ್ರ ಗುಟ್ಟು. ಹತ್ತು ಗಂಟೆಗೆ ಹೆಗಲಿಗೆ ಬಟ್ಟೆಯ ಚೀಲ ಹಾಕಿ ಹೊರಟರೆ ಬರುವುದು ಸಂಜೆಗೆ. "ಎಲ್ಲಿಗೆ ಭಾವ?" ಎಂದರೆ, "ಊಟಕ್ಕೆ." ನಾನು ಇಲ್ಲಿ ಕೋಳಿ ಸಾರು ಮಾಡಿಟ್ಟಿರುತ್ತೇನೆ, ಇವರು ಊಟಕ್ಕೆ ಹೋಗುವುದು!

ಈಗ ಅನಾಹುತಕ್ಕೆ ಬರುತ್ತೇನೆ. ದೋಸೆ ಮುಗಿಸಿ ಹಿತ್ತಿಲಿಗೆ ಹೋದರೆ, ತೊಳೆಯುವ ಕಲ್ಲಿನ ಮೇಲೆ ಒಂದು ಹಳೆಯ ತಟ್ಟೆ. ಒಂದು ಕಡೆ ಜಜ್ಜಿದೆ, ನಡುವೆ ಹೊಳಪಿಲ್ಲ. ಅಂಚಿನ ಚುಕ್ಕಿಗಳನ್ನು ನೋಡಿದೆ: ಇಪ್ಪತ್ತಾರು. ಭಾವನ ಹನ್ನೊಂದು ಶೋಕೇಸಿನಲ್ಲಿ ಫಳಫಳ ಹೊಳೆಯುತ್ತ ಕೂತಿದೆ. ಹಾಗಾದರೆ ಇದು ಬಳಗ ಬಿಟ್ಟವರು ಯಾರೋ ಬೇಡವೆಂದು ಹಾಕಿದ್ದು. ಅದೇ ಹೊತ್ತಿಗೆ ರಸ್ತೆಯಲ್ಲಿ ಗುಜರಿಯವನ ಆಟೋ ಕೂಗಿತು. ಬೇಡದ ವಸ್ತುವನ್ನು ಮನೆಯಲ್ಲಿ ಇಡಬಾರದೆಂದು ಸಿಸ್ಟರ್‌ಗಳು ಹೇಳಿದ್ದರಲ್ಲ? ಕೊಟ್ಟೆ. ಅವನು ಬದಲಿಗೆ ಒಂದು ನೀಲಿ ಪ್ಲಾಸ್ಟಿಕ್ ಮೊರ ಕೊಟ್ಟ.

ಹತ್ತು ಗಂಟೆಗೆ ಭಾವ ಇಳಿದು ಬಂದರು. "ಕಲ್ಲಿನ ಮೇಲಿದ್ದ ತಟ್ಟೆ ಎಲ್ಲಿ?"

ನಾನು ನಗುನಗುತ್ತ ಮೊರ ತೋರಿಸಿದೆ.

ಭಾವ ಮೆಟ್ಟಿಲ ಮೇಲೆ ಕುಸಿದು ಕೂತರು.

"ನಿಮ್ಮದು ಶೋಕೇಸಿನಲ್ಲಿ ಉಂಟಲ್ಲ ಭಾವ."

"ಹನ್ನೊಂದು ಹಾಳಾಗಿ ಹೋಗ್ಲಿ. ಇಪ್ಪತ್ತಾರು ಬೇಕು. ಮಧ್ಯಾಹ್ನದ ಊಟಕ್ಕೆ ಮೊದಲು ಬೇಕು."

"ಇಪ್ಪತ್ತಾರು ಯಾರದ್ದು?"

"ಇಪ್ಪತ್ತಾರರದ್ದು!"

ಆಗ ಹೊಳೆಯಿತು, ಮದುವೆಗೆ ಬಂದ ನಂಬರುಗಳಲ್ಲಿ ಇಪ್ಪತ್ತಾರನ್ನು ನಾನು ನೋಡಿಯೇ ಇಲ್ಲ. ಕೇಳುವಷ್ಟು ಧೈರ್ಯವಿರಲಿಲ್ಲ.

ಅರ್ಧ ಗಂಟೆಯೊಳಗೆ ನಮ್ಮ ಅಂಗಳದಲ್ಲಿ ಬಳಗ ಸೇರಿತು: ಐದು ಜನ, ಎಲ್ಲರಿಗೂ ಸೇರಿಸಿ ನಾಲ್ಕು ಗಟ್ಟಿ ಮೊಣಕಾಲು. ಗುಜರಿಯವನ ಗುರುತು ಇದ್ದದ್ದು ನನಗೊಬ್ಬಳಿಗೆ, ಆದ್ದರಿಂದ ಮೂವತ್ತನಾಲ್ಕರ ಕಾರಿನಲ್ಲಿ ನಾನು, ಮಡಿಲಲ್ಲಿ ಮೊರ. ಭಾವ ಶೋಕೇಸು ತೆರೆದು ತಮ್ಮ ತಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟರಿನಲ್ಲಿ ಹಿಂದೆಯೇ ಬಂದರು. ಯಾಕೆಂದು ತಿಳಿಯಲಿಲ್ಲ. ಪೇಟೆಯ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಕೊನೆಗೆ ಹಾಲಿನ ಡೈರಿಯವರು ಹೇಳಿದರೆಂದು ಕೆದಂಬಾಡಿಯ ಕಡೆ ಹೋದಾಗ ಹನ್ನೆರಡೂವರೆ.

ಆಟೋ ಒಂದು ಮಾವಿನ ಮರದಡಿ ನಿಂತಿತ್ತು. ಅವನು ನೆರಳಲ್ಲಿ ಕೂತು ಉಣ್ಣುತ್ತಿದ್ದ. ಕುಚ್ಚಲಕ್ಕಿ ಅನ್ನ, ಮೀನಿನ ಸಾರು. ಯಾವುದರಲ್ಲಿ? ಇಪ್ಪತ್ತಾರರಲ್ಲಿ!

ಇನ್ನೇನು, ಕೇಳಿ ತೆಗೆದುಕೊಂಡರಾಯಿತಲ್ಲ ಎಂದುಕೊಂಡಿರಾ? ನಿಯಮ ಮರೆತಿರಿ! ಬೋಳುತಲೆಯ ಐವರು ಅವನ ಸುತ್ತ ಕೈಕಟ್ಟಿ ನಿಂತರು. ಅವನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ.

"ಎಂತ ಸಾರ್? ನಾನು ಎಂತ ತಪ್ಪು ಮಾಡಿದ್ದು?"

"ಎಂತ ಇಲ್ಲ ಮಾರಾಯ. ನೀನು ಉಣ್ಣು," ಎಂದರು ಭಾವ, ಗಡಿಯಾರ ನೋಡುತ್ತ.

ಹೆದರಿದವನು ಬೇಗ ಉಣ್ಣುತ್ತಾನೆಯೇ? ಒಂದೊಂದು ಮುಳ್ಳನ್ನೂ ಎರಡೆರಡು ಸಲ ಪರೀಕ್ಷಿಸಿದ. "ಸ್ವಲ್ಪ ಬೇಗ ಅಂತ ಹೇಳಿ ಭಾವ," ಎಂದು ನಾನು ಪಿಸುಗುಟ್ಟಿದೆ.

"ಉಣ್ಣುವವನಿಗೆ ಬೇಗ ಅನ್ನಬಾರದು," ಎಂದರು. ಗಡಿಯಾರವನ್ನು ಮಾತ್ರ ಮತ್ತೊಮ್ಮೆ ನೋಡಿದರು.

ಅವನು ಕೈ ತೊಳೆದ ಮೇಲೆ ಭಾವ ಇಪ್ಪತ್ತಾರನ್ನು ಎರಡು ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಚೀಲದಿಂದ ಹನ್ನೊಂದನ್ನು ತೆಗೆದು ಅವನ ಮುಂದೆ ಇಟ್ಟರು! "ನಾಳೆ ಅವನಿಗೆ ಉಣ್ಣಲಿಕ್ಕೆ ತಟ್ಟೆ ಬೇಡವಾ?"

ತಟ್ಟೆ ಕಳಕೊಂಡವನು ಹೊರಗೆ ಅಲ್ಲವೇ? ಉಳಿದವರು ಮುಖಮುಖ ನೋಡಿಕೊಂಡರು. ಏಳನೇ ನಂಬರಿನವರು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು: "ಕಳಕೊಂಡದ್ದಲ್ಲ. ಕೊಟ್ಟದ್ದು."

ಭಾವ ಅಲ್ಲಿಂದಲೇ ಸ್ಕೂಟರ್ ಹತ್ತಿ ಹೋದರು. ನಾನು ಕೊಡಲು ಹೋದ ಮೊರವನ್ನು ಗುಜರಿಯವನು ಮುಟ್ಟಲಿಲ್ಲ.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯಾಚೆ ಮೈಮುನಾ ಚಾಪೆ ಕೊಡವುತ್ತಿದ್ದಳು. ಮೂರು ತಿಂಗಳ ಹಿಂದೆ ಪಕ್ಕದ ಮನೆಗೆ ಬಾಡಿಗೆಗೆ ಬಂದವಳು, ತವರು ಕೊಯಿಲದಲ್ಲಿ, ತಾಯಿ ಇರುವುದೂ ಅಲ್ಲಿಯೇ.

"ಅಕ್ಕ, ನಿಮ್ಮ ಭಾವ ಎಂತ ಇವತ್ತು ಅಷ್ಟು ಲೇಟು? ನಾನು ಉಮ್ಮನ ಮನೆಯಲ್ಲೇ ಇದ್ದೆ."

"ನಿಮ್ಮ ಉಮ್ಮನ ಮನೆಗಾ? ನಮ್ಮ ಭಾವನಾ?"

"ಹೌದಪ್ಪ, ಪ್ರತಿ ಆದಿತ್ಯವಾರ ಬರುದಲ್ವಾ? ನಿಮಗೆ ಗೊತ್ತುಂಟು ಅಂತ ಗ್ರಹಿಸಿದ್ದೆ. ಗಲ್ಫಿನಲ್ಲಿ ತೀರಿಕೊಂಡ ನಮ್ಮ ಅಣ್ಣ ಹಾಸ್ಟೆಲಿನಲ್ಲಿ ಇವರೊಟ್ಟಿಗೆ ಇದ್ದದ್ದು. ವಿಮಾನ ಹತ್ತುವ ದಿನ ತಟ್ಟೆಯನ್ನು ಇವರ ಕೈಯಲ್ಲೇ ಕೊಟ್ಟು ಹೋದ. ಉಮ್ಮನಿಗೆ ಈಗ ಕಣ್ಣು ಕಾಣುದಿಲ್ಲ, ಅಣ್ಣ ಹೋದದ್ದೂ ನೆನಪಿಲ್ಲ. ಅಂಚಿನ ಚುಕ್ಕಿ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡ್ತಾರೆ, 'ಬಂದೆಯಾ ಮೋನೇ' ಅಂತ ಮಗನಿಗೇ ಬಡಿಸಿದ ಹಾಗೆ ಬಡಿಸ್ತಾರೆ. ಮಗ ಉಂಡ ಮೇಲೆಯೇ ಅವರು ಉಣ್ಣುದು. ಇವತ್ತು ಎರಡು ಗಂಟೆವರೆಗೆ ಬಾಗಿಲಲ್ಲೇ ಕೂತಿದ್ರು."

ನನ್ನ ಕೈಯಲ್ಲಿ ಭಾವನ ಅಂಗಿ ಇತ್ತು. ಅದನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ.

ಮೈಮುನಾ ಚಾಪೆ ಸುರುಳಿ ಸುತ್ತಿ ಬಗಲಿಗೆ ಇಟ್ಟುಕೊಂಡಳು. "ನಿಮ್ಮಂಥವರ ಮನೆಯಾದ ಕಾರಣ ಅದು ಜೋಪಾನ ಉಳಿದದ್ದು ಅಕ್ಕ," ಎಂದಳು ಒಳಗೆ ಹೋಗುತ್ತ. "ಬೇರೆಯವರಾಗಿದ್ರೆ ಯಾವತ್ತೋ ಗುಜರಿಗೆ ಹಾಕ್ತಿದ್ರು."