ಗ್ಯಾರೇಜಿನಿಂದ ತಂದ ಹೆಪ್ಪು

ಸಕ್ಕರೆ, ಚಹಾಪುಡಿ ಕಡ ಕೇಳುವವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ಗ್ಯಾರೇಜಿನ ಜಿಡ್ಡುಮಣ್ಣನ್ನು ಕಡ ಕೇಳಿದವರನ್ನು ಕಂಡಿದ್ದೀರಾ? ಇಲ್ಲ ತಾನೆ! ಹಾಗಾದರೆ ಮೋಟೆಬೆನ್ನೂರಿನ ನಮ್ಮ ಸೋದರತ್ತೆಯನ್ನು ನೀವು ಕಂಡಿಲ್ಲ.

ಆದದ್ದಿಷ್ಟು. ಟಿಲ್ಲರಿಗೆ ಡೀಸೆಲ್ ಹಾಕಲು ಹೋದ ಮಾವ, ತುಂಬಿದ ಕ್ಯಾನನ್ನು ಮೆಣಸಿನ ಸಸಿಮಡಿಯ ಮೇಲೆ ಕೆಡವಿಬಿಟ್ಟರು. ಲಕ್ವ ಹೊಡೆದ ಮೇಲೆ ಅವರ ಬಲಗೈ ನಡುಗುತ್ತದೆ. ಸಸಿಯೆಲ್ಲ ಸುಟ್ಟುಹೋಯಿತು. ಅವತ್ತಿನಿಂದ ಮಾವ ಹೊಲದ ಕಡೆ ಕಾಲಿಡಲಿಲ್ಲ. "ನನ್ನ ಕೈ ಮುಟ್ಟಿದ್ದೆಲ್ಲಾ ಹಾಳ" ಎಂದು ಕಟ್ಟೆ ಹಿಡಿದು ಕೂತರು.

"ಆ ಮಣ್ಣು ತೋಡಿ ಹೊರಗ ಚೆಲ್ಲಬೇ" ಎಂದರು ಓಣಿಯವರು.

"ಹಾಲು ಒಡದ್ರ ಎಮ್ಮೀನ ಹೊರಗ ಹಾಕತೀರೇನು?" ಎಂದಳು ಅತ್ತೆ.

ಹಾವೇರಿಯ ಕೃಷಿ ಅಧಿಕಾರಿಯೊಬ್ಬರ ಹತ್ತಿರ ನಾನೇ ಕರೆದುಕೊಂಡು ಹೋದೆ. "ಅವ್ವಾರ, ಮಣ್ಣಾಗ ಕಣ್ಣಿಗೆ ಕಾಣದ ಜೀವ ಇರ್ತಾವು. ಗಾಳಿ, ಹಸಿ, ಗೊಬ್ಬರ ಸಿಕ್ರ ಡೀಸೆಲ್ ತಿಂದು ಕರಗಸ್ತಾವು. ತಡ ಆಗತೈತಿ, ಅಷ್ಟ" ಎಂದರು ಅವರು.

"ಅಂದ್ರ ಹಾಲಿಗೆ ಹೆಪ್ಪು ಹಾಕಿಧಂಗ!"

"ಹಂಗ ಅನ್ರಿ" ಎಂದು ಅವರು ನಕ್ಕರು. ನಗಬಾರದಿತ್ತು! ಡೀಸೆಲ್ ಕುಡಿದು ರೂಢಿಯಾದ ಹೆಪ್ಪೇ ಬೇಕೆಂದು ಅತ್ತೆ ಹಟ ಹಿಡಿದಳು. ಬ್ಯಾಡಗಿಯ ಹಳೇ ಗ್ಯಾರೇಜೊಂದರ ಮೂಲೆಯಲ್ಲಿ, ಎಣ್ಣೆ ತೊಟ್ಟಿಕ್ಕುವ ಜಾಗದಲ್ಲೇ ಗರಿಕೆ ಹಸಿರಾಗಿರುವುದನ್ನು ಅವಳು ಎಂದೋ ನೋಡಿದ್ದಳಂತೆ. ನಾವು ಹೋಗುವಷ್ಟರಲ್ಲಿ ಮುಸ್ಸಂಜೆ. ಮೆಕ್ಯಾನಿಕ್ಕು ಪಾಪ, "ಬೇಕಾದಷ್ಟು ಒಯ್ಯಿರಿ ಅಕ್ಕಾರ" ಎಂದು ಸಲಿಕೆ ಕೊಟ್ಟು ಲೈಟು ಹಾಕಿದ.

ಅತ್ತೆ ಸಲಿಕೆ ಕೆಳಗಿಟ್ಟಳು. "ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕಡ ಒಯ್ಯಬಾರದು."

"ಇದು ಟ್ಯೂಬ್‌ಲೈಟ್ ಐತ್ರಿ!"

"ಟ್ಯೂಬ್‌ಲೈಟಿಗೆ ಲಕ್ಷ್ಮಿ ಬರಾಂಗಿಲ್ಲೇನು?"

ಬರಿಗೈಲಿ ವಾಪಸ್. ಬೆಳಿಗ್ಗೆ ಮತ್ತೆ ಬ್ಯಾಡಗಿ! ನನ್ನ ಸ್ಕೂಟರು ಕುಡಿದ ಪೆಟ್ರೋಲನ್ನು ಯಾವ ಜೀವ ತಿಂದಿತೋ ದೇವರೇ ಬಲ್ಲ.

ಆ ಮಣ್ಣನ್ನು ಸಗಣಿಗೊಬ್ಬರದ ಜೊತೆ ಮಡಿಗೆ ಬೆರೆಸಿ, ನೀರು ಚಿಮುಕಿಸಿ, ಮೇಲೆಕೆಳಗೆ ಮಾಡುವುದೇ ಅವಳ ಕೆಲಸವಾಯಿತು. "ಹೆಪ್ಪು ಅಲಗಾಡಿಸಿದ್ರ ಮಸರು ಗಟ್ಟಿ ಆಗಂಗಿಲ್ಲಬೇ" ಎಂದು ಪಕ್ಕದ ಹೊಲದವಳು ಚೇಷ್ಟೆ ಮಾಡಿದಳು. "ಮಜ್ಜಿಗಿ ಅಂತ ತಿಳ್ಕೋ!" ಎಂದಳು ಇವಳು.

ದಿನಾ ಬರುವಾಗ ಒಂದು ಹಿಡಿ ಮಣ್ಣು ತಂದು ಮಾವನ ಮೂಗಿಗೆ ಹಿಡಿಯುವಳು. "ವಾಸನಿ ಬರತೈತೇನ್ರಿ?"

"ಬರತೈತಿ." ಮಾವ ಮುಖ ತಿರುಗಿಸುವರು. ಇವಳು ಮರುದಿನ ಮತ್ತೆ ತರುವಳು. ಸೋಲು ಅನ್ನುವುದು ಅವಳ ಜಾತಕದಲ್ಲೇ ಇಲ್ಲವಲ್ಲ! ಮಳೆಗಾಲ ಹೋಯಿತು, ಚಳಿ ಹೋಯಿತು. ಬೇಸಿಗೆಯ ಒಂದು ಬೆಳಿಗ್ಗೆ ಮಾವ ಆ ಹಿಡಿಯನ್ನು ಬಹಳ ಹೊತ್ತು ಮೂಸಿದರು. "ಬರೇ ಮಣ್ಣಿನ ವಾಸನಿ ಬರತೈತಲ್ಲ" ಎಂದರು.

ಮರುವರ್ಷದ ಸಸಿ ಅಲ್ಲಲ್ಲಿ ಬೋಳು ಬಿಟ್ಟರೂ ಎದ್ದು ನಿಂತಿತು. ಅತ್ತೆ ಮಾವನನ್ನು ಕೈಹಿಡಿದು ಹೊಲಕ್ಕೆ ಕರೆತಂದಳು. ಟಿಲ್ಲರಿನ ಪಕ್ಕ ಅದೇ ಕ್ಯಾನು, ತುಂಬಿದ್ದು! ಅದನ್ನೆತ್ತಿ ಅವರ ಮುಂದೆ ಹಿಡಿದಳು. ಮಾವ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

"ಬ್ಯಾಡ. ಮತ್ತ ಚೆಲ್ಲತೇನಿ."

"ಚೆಲ್ರಿ," ಎಂದಳು ಅತ್ತೆ, "ಹೆಪ್ಪು ಮನ್ಯಾಗ ಐತಿ."