ಕೀಗೊಂಚಲಿಗೆ ಕಟ್ಟಿದ ತಲೆ

"ಇನ್ನು ಮೇಲೆ ಈ ಮನೆಯಲ್ಲಿ ಮರೆವು ಅನ್ನೋ ಮಾತೇ ಇಲ್ಲ!"

ನಮ್ಮ ಗ್ರಂಥಪಾಲಕರು ಹೀಗೆ ಘೋಷಿಸಿ ಬಲಗೈ ಮೇಲೆತ್ತಿದರು. ಆ ಕೈಯಲ್ಲಿ ಕಿರುಬೆರಳಿನಷ್ಟು ಉದ್ದದ ಒಂದು ಪೆನ್‌ಡ್ರೈವ್ ಇತ್ತು. ಹೆಂಡತಿ ಬಟ್ಟೆ ಮಡಚುತ್ತ ಕೂತಿದ್ದರು. ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಾರೆ. ಮನೆಯಲ್ಲಿ ಯಾರೂ ಹಾಗೆ ಕರೆಯದಿದ್ದರೂ ನಡೆಯುವುದು ಅವರ ಮಾತೇ.

"ಏನ್ರೀ ಅದು?"

"ನನ್ನ ತಲೆ!"

"ಅಷ್ಟು ಚಿಕ್ಕದಾ?"

"ತಮಾಷೆ ಅಲ್ಲ ಕಣೇ. ಟಿಪ್ಪಣಿ ಬರೆಯೋ ಸಾಫ್ಟ್‌ವೇರು, ಬರೆದಿರೋ ಟಿಪ್ಪಣಿಗಳು, ಎಲ್ಲಾ ಇದರೊಳಗೇ ಇವೆ. ಯಾವ ಕಂಪ್ಯೂಟರಿಗಾದ್ರೂ ಚುಚ್ಚು, ಅಲ್ಲೇ ತೆರ್ಕೊಳ್ಳುತ್ತೆ. ಬರಿ, ಕಿತ್ಕೋ, ಹೊರಡು. ಆ ಕಂಪ್ಯೂಟರಿನಲ್ಲಿ ಒಂದು ಗುರುತೂ ಉಳಿಯಲ್ಲ!"

"ಕಳೆದುಹೋದ್ರೆ?"

ಈ ಒಂದು ಪ್ರಶ್ನೆ ಗ್ರಂಥಪಾಲಕರ ನಿದ್ದೆ ಕೆಡಿಸಿತು. ಬೆಳಗಾಗುವಷ್ಟರಲ್ಲಿ ಉತ್ತರವೂ ಹೊಳೆಯಿತು. ಜಗತ್ತಿನಲ್ಲಿ ತಾವು ಈವರೆಗೆ ಕಳೆಯದೇ ಇರುವ ವಸ್ತು ಯಾವುದು? ಕೀಗೊಂಚಲು! ಮನೆಯ ಕೀ, ಲೈಬ್ರರಿಯ ಕೀ ಇದ್ದ ಆ ಗೊಂಚಲಿಗೆ ತಮ್ಮ ತಲೆಯನ್ನೂ ಪೋಣಿಸಿದರು. ಅಂದಿನಿಂದ ಅವರು ಯಾವ ಕಂಪ್ಯೂಟರಿನ ಮುಂದೆ ಕೂತರೂ ಝಣಝಣ ಸದ್ದು. "ಏನು ಭಾವ, ಕಂಪ್ಯೂಟರಿಗೆ ಗೆಜ್ಜೆ ಕಟ್ಟಿದ್ದೀರಾ?" ಎಂದು ಹೆಂಡತಿಯ ತಮ್ಮ ಕೇಳಿದ. ಪ್ರಗತಿ ಕಂಡರೆ ಕೆಲವರಿಗೆ ಹೊಟ್ಟೆಕಿಚ್ಚು ಎಂದುಕೊಂಡು ಇವರು ಸುಮ್ಮನಾದರು.

ಮುನ್ನೆಚ್ಚರಿಕೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಎಲ್ಲ ಟಿಪ್ಪಣಿಗಳಿಗೂ ಇನ್ನೊಂದು ಪ್ರತಿ ಮಾಡಿ 'ಮುನ್ನೆಚ್ಚರಿಕೆ' ಎಂಬ ಹೆಸರಿಟ್ಟು ಭದ್ರವಾಗಿಟ್ಟರು. ಅದೇ ಪೆನ್‌ಡ್ರೈವಿನಲ್ಲಿ! ಫೋನಿನಲ್ಲಿದ್ದ ನಂಬರುಗಳನ್ನೂ ಅದಕ್ಕೇ ಸಾಗಿಸಿ, ಫೋನು ಹಗುರವಾಗಲಿ ಎಂದು ಅಲ್ಲಿಂದ ಅಳಿಸಿಬಿಟ್ಟರು.

ಇಷ್ಟೇ ಆಗಿದ್ದರೆ ನಗುವಿನಲ್ಲಿ ಮುಗಿಯುತ್ತಿತ್ತು. ಆದರೆ ಆ ತಿಂಗಳ ಕೊನೆಗೆ ದೊಡ್ಡ ಸಿಸ್ಟರ್ ನಿವೃತ್ತರಾಗುವವರಿದ್ದರು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ. ಯಜಮಾನರೂ ಎರಡು ಮಾತಾಡಬೇಕೆಂದು ಅಲ್ಲಿಯವರು ಕೇಳಿದ್ದರು.

"ಮಾತಾಡ್ತೀರಾ?" ಎಂದರು ಹೆಂಡತಿ. "ಇಷ್ಟು ವರ್ಷದಲ್ಲಿ ನಾಲ್ಕು ಜನರ ಮುಂದೆ ನನ್ನ ಬಗ್ಗೆ ನೀವು ಬಾಯೇ ಬಿಟ್ಟಿಲ್ಲ."

ದನಿಯಲ್ಲಿ ದೂರು ಇರಲಿಲ್ಲ. ದೂರಿದ್ದರೆ ಗ್ರಂಥಪಾಲಕರು ವಾದಕ್ಕಿಳಿದು ಗೆಲ್ಲುತ್ತಿದ್ದರೋ ಏನೋ. ಇಲ್ಲದ್ದರಿಂದ ಆ ಮಾತು ಅವರ ಎದೆಗೆ ನಾಟಿತು. ಭಾಷಣ ಬರೆಯಲು ಕೂತರು. ಬೆಳಿಗ್ಗೆ ಮನೆಯಲ್ಲಿ, ಮಧ್ಯಾಹ್ನ ಲೈಬ್ರರಿಯಲ್ಲಿ, ಭಾನುವಾರ ಭಾವಮೈದುನನ ಮನೆಯಲ್ಲಿ ಅದು ಬೆಳೆಯಿತು. 'ಮಾನವಕುಲದ ಇತಿಹಾಸದಲ್ಲಿ ಶುಶ್ರೂಷೆಯ ಪಾತ್ರ' ಎಂದು ಶುರುವಾಗಿ ಹದಿನಾಲ್ಕು ಪುಟವಾಯಿತು. ಹೆಂಡತಿಯ ಪ್ರಸ್ತಾಪ ಬರುವುದು ಹನ್ನೊಂದನೆಯ ಪುಟದಲ್ಲಿ. ಬಚ್ಚಲುಮನೆಯಲ್ಲಿ ನಿಂತು ಗಟ್ಟಿಯಾಗಿ ಅಭ್ಯಾಸವನ್ನೂ ಮಾಡಿದರು.

ಬೀಳ್ಕೊಡುಗೆಯ ದಿನ ಲೈಬ್ರರಿ ಅರ್ಧ ದಿನ. ಕೊನೆಯ ಸಲ ಭಾಷಣ ತಿದ್ದಿ, ಮುದ್ರಿಸಲು ಹೋದರೆ ಪ್ರಿಂಟರಿನಲ್ಲಿ ಶಾಯಿ ಒಣಗಿತ್ತು. ಮನೆಯಲ್ಲಿ ಮುದ್ರಿಸಿದರಾಯಿತು ಎಂದು ಎದ್ದರು. ಲೈಬ್ರರಿಯದು ಎಳೆದರೆ ತಾನೇ ಬೀಗ ಬೀಳುವ ಬಾಗಿಲು. ಎಳೆದರು. ದಾರಿಯುದ್ದಕ್ಕೂ ಮಾನವಕುಲವನ್ನು ಗುನುಗುತ್ತ ಬಂದರು.

ಮನೆಯ ಮುಂದೆ ಹೆಂಡತಿ ಆಗತಾನೇ ಕೆಲಸದಿಂದ ಬಂದು, ಯೂನಿಫಾರಂನಲ್ಲೇ ನಿಂತು ಕೈಚೀಲಕ್ಕೆ ಕೈ ಹಾಕುತ್ತಿದ್ದರು.

"ನಿಲ್ಲು! ಇವತ್ತು ಬಾಗಿಲು ನಾನು ತೆಗೀತೀನಿ!" ಎಂದು ಗ್ರಂಥಪಾಲಕರು ಜೇಬಿಗೆ ಕೈ ಹಾಕಿದರು. ಆಮೇಲೆ ಇನ್ನೊಂದು ಜೇಬಿಗೆ. ಆಮೇಲೆ ಮತ್ತೆ ಮೊದಲನೆಯದಕ್ಕೆ.

"ತಲೆ ಎಲ್ರೀ?"

"ಲೈಬ್ರರಿ ಕಂಪ್ಯೂಟರಿಗೆ ಚುಚ್ಚಿದ್ದೀನಿ."

"ಹೋಗಿ ತನ್ನಿ."

"ಲೈಬ್ರರಿ ಕೀನೂ ಅದರಲ್ಲೇ ನೇತಾಡ್ತಿದೆ."

"ಅಟೆಂಡರ್ ಹತ್ರ ಇನ್ನೊಂದು ಇದೆಯಲ್ಲ, ಫೋನ್ ಮಾಡಿ."

"ಅವನ ನಂಬರು..."

"ಅದೂ ತಲೆಯಲ್ಲೇ?"

"ಹೂಂ."

"ಮುನ್ನೆಚ್ಚರಿಕೆ ಅಂತ ಇನ್ನೊಂದು ಪ್ರತಿ ಮಾಡಿದ್ರಲ್ಲ?"

ಗ್ರಂಥಪಾಲಕರು ಫೋನು ತೆಗೆದರು. ಅವರಿಗೆ ಬಾಯಿಪಾಠ ಇದ್ದದ್ದು ಒಂದೇ ನಂಬರು, ಲೈಬ್ರರಿಯದು. ತೋಚದೆ ಅದಕ್ಕೇ ಫೋನ್ ಮಾಡಿದರು. ಗಂಟೆ ಬಡಿಯಿತು, ಬಡಿಯಿತು. ಎತ್ತಬೇಕಾದವರು ಇಲ್ಲಿ ಫೋನು ಹಿಡಿದು ಬೆವರುತ್ತಿದ್ದರು.

"ನಿನ್ನ ಕೀ?"

ಹೆಂಡತಿ ಅವರ ಮುಖವನ್ನೊಮ್ಮೆ ನೋಡಿದರು. ಕೈಚೀಲದ ಜಿಪ್ ಸರ್ರನೆ ಎಳೆದರು. "ಅದರ ಕಥೆ ಈಗ ಬೇಡ. ಹೊತ್ತಾಯ್ತು, ನಡೀರಿ."

"ಹೀಗೇನಾ? ಬಟ್ಟೆ ಬದಲಾಯಿಸ್ದೆ?"

"ಯೂನಿಫಾರಂ ಹಾಕ್ಕೊಳ್ಳೋದು ಇವತ್ತೇ ಕೊನೆ. ಇದರಲ್ಲೇ ಇರ್ತೀನಿ."

"ಮತ್ತೆ ಭಾಷಣ?"

"ಎದುರಿಗೆ ನಾನೇ ಕೂತಿರ್ತೀನಲ್ಲ. ನೋಡ್ಕೊಂಡು ಹೇಳಿ."

ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಸರಿಸಿದ್ದರು. ಯಜಮಾನರ ಸರದಿ ಬಂತು. ಎದ್ದರು. ಅಭ್ಯಾಸಬಲದಿಂದ ಜೇಬಿಗಿಳಿದ ಕೈ ಕರವಸ್ತ್ರ ಹಿಡಿದು ವಾಪಸಾಯಿತು. ಮಾನವಕುಲ ಎಲ್ಲಿಂದ ಶುರುವಾಗುತ್ತದೆ ಎಂಬುದೇ ಮರೆತುಹೋಗಿತ್ತು! ಯಾರೋ ಕೆಮ್ಮಿದರು. ಗ್ರಂಥಪಾಲಕರಿಗೆ ನಿಜವಾಗಿ ಭಯವಾಯಿತು. ಇವತ್ತೂ ಬಾಯಿ ಬಿಡದೆ ಕೂತರೆ ಇನ್ನು ಯಾವತ್ತೂ ಅವಕಾಶವಿಲ್ಲ. ಹೆಂಡತಿಯ ಕಡೆ ನೋಡಿದರು. ಬಿಳಿ ಯೂನಿಫಾರಂ, ಜೇಬಿನ ಹತ್ತಿರ ಒಂದು ಇಂಕಿನ ಕಲೆ, ಮಡಿಲಲ್ಲಿ ಕೈಚೀಲ.

"ನನ್ನ ಭಾಷಣ ಲೈಬ್ರರಿ ಒಳಗಿದೆ. ನಾನು ಹೊರಗಿದ್ದೀನಿ," ಎಂದರು. ನಡೆದದ್ದನ್ನೆಲ್ಲ ಹೇಳಿದರು. ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ನಗು ಇಳಿದ ಮೇಲೂ ಅವರು ನಿಂತೇ ಇದ್ದರು.

"ಇವಳು ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಮನೆಗೆ ಬರೋವಾಗ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಒಳಗೆ ಬರ್ತಿದ್ಲು. ನನಗೆ ಎಚ್ಚರ ಆಗಬಾರದು ಅಂತ. ನಾನು ಎಚ್ಚರವಾಗೇ ಇರ್ತಿದ್ದೆ. ಇವಳು ಬರೋ ತನಕ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಬಂದ್ಲು ಅಂತ ಗೊತ್ತಾದ ಮೇಲೆ ನಿದ್ದೆ ಬರ್ತಿತ್ತು. ಇದನ್ನ ಇವಳಿಗೆ ಹೇಳೇ ಇರಲಿಲ್ಲ. ಅಷ್ಟೇ."

ಕೂತರು. ಹದಿನಾಲ್ಕು ಪುಟಗಳಲ್ಲಿ ಈ ಮಾತು ಎಲ್ಲೂ ಇರಲಿಲ್ಲ. ದೊಡ್ಡ ಸಿಸ್ಟರ್ ತಲೆ ತಗ್ಗಿಸಿ ಕೈಚೀಲದ ಜಿಪ್ ಮೇಲೆ ಬೆರಳಾಡಿಸಿದರು.

ಸಂಜೆ ಹೂಗುಚ್ಛ ಹಿಡಿದು ಮನೆಯ ಮುಂದೆ ಬಂದು ನಿಂತಾಗ ಗ್ರಂಥಪಾಲಕರಿಗೆ ಮತ್ತೆ ಚಿಂತೆ. "ಈಗ ಬೀಗ ತೆಗೆಯೋನು ಬೇಕು. ಅವನ ನಂಬರೂ..."

ಹೆಂಡತಿ ಕೈಚೀಲದಿಂದ ಕೀ ತೆಗೆದು ಬಾಗಿಲು ತೆರೆದರು.

"ಇತ್ತಾ?!"

"ಇತ್ತು."

"ಮತ್ತೆ ಮಧ್ಯಾಹ್ನ..."

"ಒಳಗೆ ಬಿಟ್ಟಿದ್ರೆ ಆ ಭಾಷಣಾನ ನೆನಪು ಮಾಡ್ಕೊಂಡು ಮತ್ತೆ ಬರೆಯೋಕೆ ಕೂರ್ತಿದ್ರಿ. ಇದೊಂದು ದಿನ ನಿಮ್ಮ ತಲೆ ಲೈಬ್ರರೀಲೇ ಇರ್ಲಿ ಅನ್ನಿಸ್ತು. ಬಚ್ಚಲುಮನೆ ಗೋಡೆ ತೆಳು ಕಣ್ರೀ, ಹದಿನಾಲ್ಕು ಪುಟಾನೂ ಕೇಳಿಸ್ಕೊಂಡಿದ್ದೀನಿ."

"ಚೆನ್ನಾಗಿರಲಿಲ್ವಾ?"

"ನಿಮ್ಮ ಪೆನ್‌ಡ್ರೈವ್ ಥರಾನೇ ಇತ್ತು. ಎಲ್ಲಿ ಚುಚ್ಚಿದ್ರೂ ಒಂದು ಗುರುತೂ ಉಳೀತಿರಲಿಲ್ಲ!"

ಗ್ರಂಥಪಾಲಕರು ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದುಕೊಂಡು, ಸದ್ದಿಲ್ಲದೆ ಒಳಗೆ ಹೋದರು.