ಅತ್ತೆ ಎಣಿಸಿದ ಹಾವುಗಳು

ನಮ್ಮ ಸೋದರತ್ತೆಗೆ ಹುಷಾರು ತಪ್ಪಿದರೆ ಮೊದಲು ತಪಾಸಣೆಗೆ ಒಳಗಾಗುವವರು ಡಾಕ್ಟರು! ನಂಬುವುದಿಲ್ಲವೆ? ಒಮ್ಮೆ ಅವಳ ಜೊತೆ ದವಾಖಾನೆಗೆ ಹೋಗಿ ನೋಡಿ. ಜ್ವರದಿಂದ ಮೈ ಕಾದ ಹಂಚಿನಂತಾಗಿದ್ದರೂ ಸರಿ, ಬಾಗಿಲಲ್ಲಿ ನಿಂತು, ಕನ್ನಡಕ ಏರಿಸಿ, ಬೋರ್ಡಿನ ಮೇಲಿರುವ ಹಾವುಗಳನ್ನು ಎಣಿಸುತ್ತಾಳೆ. ಒಂದೇ ಹಾವಿದ್ದರೆ ಚಪ್ಪಲಿ ಬಿಟ್ಟು ಒಳಗೆ. ಎರಡಿದ್ದರೆ ಸೆರಗು ಕೊಡವಿಕೊಂಡು ವಾಪಸು. ಅವಳ ಜ್ವರವೂ ಅವಳ ಹಿಂದೆಯೇ ವಾಪಸು.

ಅತ್ತೆ ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಅಲ್ಲೇ ಹತ್ತಿರದ ಯಂಕಂಚಿಯಲ್ಲಿ ಮಗ, ಸೊಸೆ, ಮೊಮ್ಮಕ್ಕಳಿಂದ ಗಿಜಿಗುಡುವ ಮನೆ. ಹೊಲ ನೋಡಿಕೊಳ್ಳುವ ಮಾವ. ನೌಕರಿಯಲ್ಲಿದ್ದಾಗ ಒಮ್ಮೆ ಅವಳನ್ನು ಪ್ರಥಮ ಚಿಕಿತ್ಸೆಯ ತರಬೇತಿಗೆ ಕಳಿಸಿದ್ದರು. ಉಳಿದ ಶಿಕ್ಷಕರು ಬ್ಯಾಂಡೇಜು ಕಟ್ಟುವುದನ್ನು ಕಲಿತು, ಹೋಳಿಗೆ ಊಟ ಮಾಡಿ ಮನೆಗೆ ಬಂದರು. ಅತ್ತೆ ಮಾತ್ರ ಬ್ಯಾಂಡೇಜಿನ ಡಬ್ಬಿಯ ಮೇಲಿನ ಚಿತ್ರಗಳ ಬೆನ್ನು ಹತ್ತಿದಳು. ಇವತ್ತಿಗೂ ಬಿಟ್ಟಿಲ್ಲ.

"ನೋಡೋ, ಕೋಲಿಗೆ ಒಂದ ಹಾವು ಸುತ್ತಿದ್ರ ಅದು ಗ್ರೀಕರ ವೈದ್ಯ ದೇವರ ಕೋಲು" ಎಂದು ನನಗೆ ಪಾಠ ಹೇಳುತ್ತಾಳೆ. "ಎರಡು ಹಾವು, ಮ್ಯಾಲ ರೆಕ್ಕಿ ಇದ್ರ ಅದು ಬ್ಯಾರೆ ದೇವರದು. ಅಂವ ದೇವತಾಗೋಳ ಸುದ್ದಿ ಒಯ್ಯಾಂವ. ವ್ಯಾಪಾರಸ್ತರಿಗೆ ಅಂವನ ದೇವರು, ಕಳ್ಳರಿಗೂ ಅಂವನ ದೇವರು!"

ಯಾವುದೋ ಪರದೇಶದ ಸೈನ್ಯದ ವೈದ್ಯರು ಎರಡು ಹಾವಿನದನ್ನು ಅಂಗಿಗೆ ಹಚ್ಚಿಕೊಂಡರಂತೆ. ಅವರನ್ನು ನೋಡಿ ಉಳಿದವರೂ ಹಚ್ಚಿಕೊಂಡರಂತೆ. "ಒಬ್ರು ತಪ್ಪು ಬರದ್ರು, ಹಿಂದಿನ ಬೆಂಚಿನವರು ಕಾಪಿ ಹೊಡದ್ರು" ಎನ್ನುವುದು ಅತ್ತೆಯ ತೀರ್ಪು. ಆಯುಷ್ಯವಿಡೀ ಉತ್ತರಪತ್ರಿಕೆ ತಿದ್ದಿದವಳಲ್ಲವೆ!

ನಾನಿರುವುದು ಬಸವನ ಬಾಗೇವಾಡಿಯಲ್ಲಿ. ನನ್ನ ಬಳಿ ಒಂದು ಹಳೆಯ ಕಾರಿದೆ ಎಂಬ ಒಂದೇ ಅಪರಾಧಕ್ಕೆ ಅತ್ತೆಯ ಸಾರಥ್ಯ ನನ್ನ ಪಾಲಿಗೆ ಬಂದಿದೆ. ಒಮ್ಮೆ ಇಂಡಿಯಲ್ಲಿ ಬಂಧುಗಳ ಮನೆಗೆ ಹೋಗಿದ್ದಾಗ ಅವಳಿಗೆ ಹಲ್ಲುನೋವು ಶುರುವಾಯಿತು. ಗಲ್ಲ ಊದಿ ಬದನೆಕಾಯಿ! ಹಲ್ಲಿನ ಡಾಕ್ಟರರ ಬಾಗಿಲಿಗೆ ಕರೆದೊಯ್ದೆ. ಅತ್ತೆ ತಲೆ ಎತ್ತಿದಳು, ಎಣಿಸಿದಳು, ತಿರುಗಿ ನಡೆದಳು. ಪಾಪ, ಡಾಕ್ಟರು ತಾವೇ ಹೊರಗೆ ಬಂದರು.

"ಯಾಕ್ರಿ ಅಕ್ಕಾರ, ಹೊಳ್ಳಿ ಹೊಂಟ್ರಿ?"

"ನಿಮ್ಮ ಬಾಗಲದಾಗ ಒಂದು ಹಾವು ಜಾಸ್ತಿ ಐತ್ರಿ."

ಮುಗಿಯಿತು! ಡಾಕ್ಟರು ಒಂದೇ ನೆಗೆತಕ್ಕೆ ರಸ್ತೆಗೆ ಬಂದರು. ಒಳಗೆ ಬಾಯಿ ತೆರೆದು ಕುಳಿತಿದ್ದ ರೋಗಿ ಹಾಗೆಯೇ ಬಾಯಿ ತೆರೆದುಕೊಂಡು ಓಡಿಬಂದ. ಎದುರಿನ ಚಹಾದಂಗಡಿಯಿಂದ ಬಡಿಗೆಗಳು ಬಂದವು. "ಎಲ್ಲೈತಿ? ಎಲ್ಲೈತಿ?" ಎಂದು ಎಲ್ಲರೂ ಕುರ್ಚಿಗಳ ಕೆಳಗೆ ಬಡಿದದ್ದೇ ಬಡಿದದ್ದು. ಅತ್ತೆ ಊದಿದ ಗಲ್ಲ ಒತ್ತಿಕೊಂಡು ಶಾಂತವಾಗಿ ಬೋರ್ಡಿನ ಕಡೆ ಬೆರಳು ತೋರಿಸಿದಳು. ಡಾಕ್ಟರು ದೊಡ್ಡ ಮನುಷ್ಯರು, ನಕ್ಕರು. ನಾನು ಮಾತ್ರ ಆ ನಂತರ ಆ ಓಣಿಯಲ್ಲಿ ಕಾರು ನಿಲ್ಲಿಸಿಲ್ಲ.

ಮುದ್ದೇಬಿಹಾಳದ ಕಥೆಯೇ ಬೇರೆ. ಅಲ್ಲಿಯ ಮದುವೆಗೆ ಹೋದಾಗ ನನ್ನ ಮೊಬೈಲಿನ ಗಾಜು ಒಡೆಯಿತು. ರಿಪೇರಿ ಅಂಗಡಿ ಹುಡುಕಿದೆ. 'ಮೊಬೈಲ್ ದವಾಖಾನೆ' ಎಂದು ಬೋರ್ಡು, ಅದರ ಪಕ್ಕ ಬಿಳಿಯ ಮೇಲೆ ದೊಡ್ಡ ಕೆಂಪು ಪ್ಲಸ್ಸು. ನನ್ನ ಎದೆ ಧಸಕ್ ಅಂದಿತು. ಏಕೆಂದರೆ ಅತ್ತೆ ಆಗಲೇ ಕಾರಿನಿಂದ ಇಳಿದಿದ್ದಳು.

"ತಮ್ಮಾ, ಈ ಗುರುತು ಯಾಕ ಹುಟ್ಟೇತಿ ಗೊತ್ತೈತೇನು? ಯುದ್ಧದಾಗ ಗಾಯ ಆದವರನ್ನ ಎತ್ಕೊಂಡು ಹೋಗೋರ ಮ್ಯಾಲ ಯಾರೂ ಗುಂಡು ಹಾರಿಸಬಾರ್ದು ಅಂತ. ಸ್ವಿಟ್ಜರ್ಲೆಂಡಿನ ಬಾವುಟದ ಬಣ್ಣ ತಿರುವಿ ಮಾಡ್ಯಾರ. ಸಿಕ್ಕಸಿಕ್ಕವರು ಹಚ್ಚಬಾರ್ದು ಅಂತ ಕಾಯ್ದೆನೂ ಐತಿ. ನಿನ್ನ ಅಂಗಡಿ ಮ್ಯಾಲ ಯಾರು ಗುಂಡು ಹಾರಸಾಕತ್ತಾರ?"

ಅಂಗಡಿಯವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಕೈ ಮುಗಿದ. "ನೀವು ನನ್ನ ಗಿರಾಕಿಗೋಳ್ನ ನೋಡಿಲ್ರಿ ಅವ್ವಾರ. ನನಗ ಈ ಗುರುತು ಬೇಕ ಬೇಕ್ರಿ!"

ಅತ್ತೆ ಸೋತಳು ಅಂದುಕೊಂಡಿರಾ? ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕಾದ ಮೇಲೆ ಪಕ್ಕದ ಅಂಗಡಿಯಿಂದ ಹಸಿರು ಬಣ್ಣ, ಬ್ರಷ್ಷು ತರಿಸಿ, ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ಸ್ಟೂಲು ಹತ್ತಿ ಕೆಂಪನ್ನು ಹಸಿರು ಮಾಡಿದಳು. ಅಕ್ಷತೆ ತಪ್ಪಿತು, ಊಟಕ್ಕೆ ಮುಟ್ಟಿದೆವು.

ವಾಪಸು ಬರುವಾಗ ಹಿಂದಿನಿಂದ ಒಂದು ಆಂಬ್ಯುಲೆನ್ಸ್ ಬಂತು. ಮುಂದಿನ ಗಾಡಿಯವನು ಕನ್ನಡಿಯಲ್ಲಿ ಸರಿಯಾಗಿ ಓದಲೆಂದು ಅದರ ಹಣೆಯ ಅಕ್ಷರ ತಿರುವುಮುರುವು ಬರೆದಿರುತ್ತಾರೆ ಎಂದು ಆವತ್ತೇ ನನಗೆ ಗೊತ್ತಾದದ್ದು. ದಾರಿ ಬಿಟ್ಟೆ. ಅದರ ಮೈಮೇಲಿನ ಆರು ಕೈಯ ನೀಲಿ ನಕ್ಷತ್ರವನ್ನು ಕಂಡು ಅತ್ತೆಯ ಮುಖ ಅರಳಿತು. ನಡುವೆ ಒಂದೇ ಹಾವು!

"ಆ ಚಿಕ್ಕಿಯ ಒಂದೊಂದು ಕೈಗೂ ಒಂದೊಂದು ಕೆಲಸ ಐತಿ" ಎಂದು ಬೆರಳು ಮಡಚಿದಳು. "ಕಾಣೂದು, ತಿಳಸೂದು, ಓಡಿ ಬರೂದು, ಅಲ್ಲೇ ಆರೈಕಿ ಮಾಡೂದು, ದಾರ್ಯಾಗ ಆರೈಕಿ ಮಾಡೂದು, ದವಾಖಾನಿಗೆ ಮುಟ್ಟಸೂದು. ಆರೂ ಆದ್ರ ಮನಶ್ಯಾ ಉಳೀತಾನ." ಬಾಗೇವಾಡಿ ಮುಟ್ಟುವಷ್ಟರಲ್ಲಿ ನನಗೆ ಅದು ಮಗ್ಗಿಯಂತೆ ಬಾಯಿಪಾಠವಾಗಿತ್ತು.

ಇಂಥ ಅತ್ತೆಯ ಬಾಯಿ ಮುಚ್ಚಿಸಬಲ್ಲವರು ಜಗತ್ತಿನಲ್ಲಿ ಒಬ್ಬರೇ, ಮಾವ. ಅದೂ ವರ್ಷಕ್ಕೊಮ್ಮೆ, ಪಂಚಮಿಯ ದಿನ. ನಮ್ಮ ಕಡೆ ನಾಗಪ್ಪನಿಗೆ ಹಾಲು ಎರೆಯುವಾಗ ಮನೆಯವರ ಒಬ್ಬೊಬ್ಬರ ಪಾಲನ್ನೂ ಹೇಳಿ ಎರೆಯುತ್ತಾರಲ್ಲ, ಹಾಗೆ ಅತ್ತೆಯೂ ತಂಬಿಗೆ ಹಿಡಿದು ಬೇವಿನ ಮರದ ಬುಡದ ನಾಗರಕಲ್ಲಿನ ಮುಂದೆ ಕೂರುತ್ತಾಳೆ. ಆ ಕಲ್ಲಿನಲ್ಲಿರುವುದು ಒಂದಕ್ಕೊಂದು ಹೆಣೆದುಕೊಂಡ ಎರಡು ಹಾವು!

"ಏನಽ, ಎರಡು ಅದಾವಲ್ಲ?" ಎಂದು ಮಾವ ಹಿಂದಿನಿಂದ ಕೆಣಕುತ್ತಾರೆ. "ನಿನ್ನ ಲೆಕ್ಕದಾಗ ಇದು ವ್ಯಾಪಾರಸ್ತರ ದೇವರಾತು. ಎದ್ದು ನಡಿ ಮತ್ತ!"

ಅತ್ತೆ ಹಾಲಿನಲ್ಲೇ ಸೇಡು ತೀರಿಸಿಕೊಳ್ಳುತ್ತಾಳೆ. ಮಗನ ಪಾಲು, ಸೊಸೆಯ ಪಾಲು, ಮೊಮ್ಮಕ್ಕಳ ಪಾಲು, ಎಮ್ಮೆಯ ಪಾಲು ಎಂದು ಧಾರಾಳವಾಗಿ ಎರೆದು, ಕೊನೆಗೆ "ಇವರ ಪಾಲು" ಎಂದು ಬೆರಳ ತುದಿಯಿಂದ ಒಂದೇ ಹನಿ ಚಿಮುಕಿಸುತ್ತಾಳೆ. "ಎಮ್ಮಿಗಿಂತ ಕಡಿಮಿ ಆದ್ನಲ್ಲೋ ನಾ!" ಎಂದು ಮಾವ ನನ್ನ ಮುಂದೆ ಫಿರ್ಯಾದು ಮಾಡಿ ಶೇಂಗಾ ಉಂಡೆಗೆ ಕೈ ಹಾಕುತ್ತಾರೆ. ವರ್ಷಾವರ್ಷ ಇದೇ ನಾಟಕ. ಒಂದು ಹನಿಗಿಂತ ಹೆಚ್ಚು ಅವರಿಗೆ ಎಂದೂ ದಕ್ಕಿದ್ದಿಲ್ಲ.

ಈ ಸಲ ಪಂಚಮಿಗೆ ಇನ್ನೂ ಕೆಲವು ವಾರ ಇರುವಾಗ ನಾನು ಯಂಕಂಚಿಗೆ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮಾವ ರೊಟ್ಟಿ ಮುರಿಯುತ್ತಿದ್ದವರು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದರು. ಮೈಯೆಲ್ಲ ಬೆವರು. ನಾವೆಲ್ಲ ಕೂಗಾಡುತ್ತಿದ್ದರೆ ಅತ್ತೆ ಕೂಗಲಿಲ್ಲ. ಅವರನ್ನು ಗೋಡೆಗೆ ಒರಗಿಸಿ, ಅಂಗಿಯ ಗುಂಡಿ ಬಿಚ್ಚಿ, "ಫೋನ್ ಹಚ್ಚು" ಎಂದಳು ನನಗೆ. ಆಂಬ್ಯುಲೆನ್ಸ್ ಬಂತು. ನಾನೂ ಅತ್ತೆಯೂ ಒಳಗೆ ಹತ್ತಿದೆವು.

ಆ ದಾರಿ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಒಳಗಿನವರು ಮಾವನ ಮೂಗಿಗೆ ಆಕ್ಸಿಜನ್ ಇಟ್ಟಿದ್ದರು. ಅತ್ತೆ ಮಾವನ ಪಾದ ಹಿಡಿದು ಕೂತಿದ್ದಳು. ಇನ್ನೊಂದು ಕೈಯ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಿದ್ದಳು. "ಮೂರು ಆತು... ನಾಕು ಆತು... ಈಗ ಐದನೇದು ನಡದೈತಿ" ಎಂದು ತನಗೆ ತಾನೇ ಗುನುಗುತ್ತಿದ್ದಳು. ನಗುವಂಥ ಮಾತೇ? ನಾನೂ ಅವಳ ಜೊತೆ ಎಣಿಸತೊಡಗಿದ್ದೆ.

ಹೃದಯದ ಡಾಕ್ಟರು ಇರುವ ದವಾಖಾನೆ ಸಿಂದಗಿಯಲ್ಲಿ ಒಂದೇ ಸಿಕ್ಕಿತು. ಗೇಟಿನ ಮುಂದೆ ಗಾಡಿ ನಿಂತಿತು, ಬಾಗಿಲು ತೆರೆಯಿತು. ಎದುರಿಗೇ, ಗೋಡೆಯ ತುಂಬ, ಹೆಡೆ ಎತ್ತಿದ ಎರಡು ಹಾವು! ಜೊತೆಗೆ ಬಂಗಾರದ ಬಣ್ಣದ ರೆಕ್ಕೆ! ದೇವರಾಣೆಗೂ ಹೇಳುತ್ತೇನೆ, ಆ ಕ್ಷಣ ನಾನು ಮಾವನ ಮುಖ ನೋಡಲಿಲ್ಲ, ಅತ್ತೆಯ ಮುಖ ನೋಡಿದೆ. ಅವಳು ಗೋಡೆ ನೋಡಿದಳು. ಒಂದು ಕೈಯ ಐದೂ ಬೆರಳು ಮುಗಿದಿದ್ದವು, ಪಾದ ಹಿಡಿದಿದ್ದ ಕೈ ಬಿಡಿಸಿ ಅದರ ಒಂದು ಬೆರಳು ಮಡಚಿದಳು.

"ಆರನೇದು" ಎಂದಳು. "ನಡೀರಿ ಒಳಗ."

ಮಾವ ಉಳಿದರು. ಕಣ್ಣು ಬಿಟ್ಟು, ನಮ್ಮನ್ನೆಲ್ಲ ಗುರುತು ಹಿಡಿದು, ಅವರು ಆಡಿದ ಮೊದಲ ಮಾತು ಏನು ಗೊತ್ತೆ?

"ಹೊರಗ ಎಷ್ಟು ಹಾವು ಅದಾವು?"

"ಸುಮ್ಮಕ ಮಲಗ್ರಿ" ಎಂದಳು ಅತ್ತೆ. "ನಾ ಕನ್ನಡಕಾ ತಂದಿಲ್ಲ."

ಕನ್ನಡಕ ಅವಳ ಮೂಗಿನ ಮೇಲೆಯೇ ಇತ್ತು.

ಪಂಚಮಿ ಬಂತು. ಬೆಳಗ್ಗೆ ನನಗೆ ಕಾರು ತರಲು ಹೇಳಿ, ಮಾವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತಂಬಿಗೆ ತುಂಬ ಹಾಲು ಹಿಡಿದು ಅತ್ತೆ ಹೊರಟಳು. ಬೇವಿನ ಮರಕ್ಕಲ್ಲ, ಸಿಂದಗಿಗೆ! ಆ ದವಾಖಾನೆಯ ಗೋಡೆಯ ಕೆಳಗೆ ಕೂತು, ಎರಡೂ ಹಾವಿಗೆ ಕುಂಕುಮ ಹಚ್ಚಿದಳು. ಡಾಕ್ಟರ ಪಾಲು, ನರ್ಸಮ್ಮನ ಪಾಲು, ಆಂಬ್ಯುಲೆನ್ಸಿನ ಡ್ರೈವರನ ಪಾಲು ಎಂದು ಎರೆಯತೊಡಗಿದಳು. ವಾಚಮನ್ ಗಾಬರಿಯಾಗಿ ಓಡಿಬಂದ.

"ಅವ್ವಾರ, ಇರವಿ ಆಗ್ತಾವ್ರಿ!"

"ಇರವಿದೂ ಒಂದು ಪಾಲು" ಎಂದು ಇನ್ನಷ್ಟು ಎರೆದಳು.

ನಾನು ನಗುತ್ತಾ ಕಾಯುತ್ತಿದ್ದೆ, ಇನ್ನೇನು ಬೆರಳಿನ ತುದಿ, ಒಂದು ಹನಿ. ಅತ್ತೆ ಬೆರಳು ಅದ್ದಲಿಲ್ಲ. ಅರ್ಧ ತಂಬಿಗೆ ಹಾಲು ಇನ್ನೂ ಇತ್ತು. ಎರಡೂ ಕೈಯಿಂದ ತಂಬಿಗೆಯನ್ನು ಬಗ್ಗಿಸಿದಳು. ಪೂರ್ತಿ ಬೋರಲಾಗಿಸಿ, ಕೊನೆಯ ಹನಿ ಬೀಳುವತನಕ ಹಿಡಿದೇ ಕೂತಳು.

"ಇವರ ಪಾಲು" ಎಂದಳು.

ನನ್ನ ಕಣ್ಣು ತುಂಬಿ ಬಂದವು. ಮಾವ ಎಮ್ಮೆಯ ಮಾತು ಎತ್ತುತ್ತಾರೇನೋ ಎಂದು ಕಾರಿನ ಕಡೆ ತಿರುಗಿದೆ. ಮಾವ ಕಿಟಕಿಯ ಗಾಜು ಇಳಿಸಿ ಅತ್ತೆಯನ್ನೇ ನೋಡುತ್ತಿದ್ದರು. ಈ ಸಲ ಬಾಯಿ ಮುಚ್ಚಿದ್ದು ಅವರದು.